ಅಖ್ತರ್ ಹಮೀದ್ ಖಾನ್: ಅಧಿಕಾರ ಬಿಟ್ಟು ಜನರ ಬಳಿಗೆ ನಡೆದವರು

ಸಮಾಜಸೇವೆ ಎಂದರೆ ನಮ್ಮಲ್ಲಿ ಸಾಮಾನ್ಯವಾಗಿ ಒಂದು ಶಾಲೆ, ಒಂದು ಆಸ್ಪತ್ರೆ, ವಿದ್ಯಾರ್ಥಿವೇತನ, ಹೊಲಿಗೆ ಯಂತ್ರಗಳ ವಿತರಣೆ ಎಂದು ಒಂದೊಂದು ಕೆಲಸವನ್ನೂ ಬಿಡಿಬಿಡಿಯಾಗಿ ನೋಡುವ ರೂಢಿ. ಪ್ರತಿಯೊಂದೂ ಒಳ್ಳೆಯ ಕೆಲಸವೇ. ಆದರೆ ಇಂಥ ಹಲವು ಯೋಜನೆಗಳನ್ನು ಒಂದಕ್ಕೊಂದು ಹೆಣೆದು ಇಡೀ ಊರಿನ ಬದುಕನ್ನು ಮೇಲೆತ್ತುವುದು ಹೇಗೆ? ಹಾಗೆ ಹೆಣೆದ ಕಾರ್ಯಕ್ರಮ ನಿಜವಾಗಿ ಫಲ ಕೊಟ್ಟಿತೇ ಎಂದು ತೂಗಿ ನೋಡುವುದು ಹೇಗೆ? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಸುಮಾರು ನಲವತ್ತು ವರ್ಷ ದುಡಿದವರು ಡಾ. ಅಖ್ತರ್ ಹಮೀದ್ ಖಾನ್. ಆಗ್ರಾದಲ್ಲಿ ಹುಟ್ಟಿ, ಬಂಗಾಳದ ಹಳ್ಳಿಗಳಲ್ಲೂ ಕರಾಚಿಯ ಗಲ್ಲಿಗಳಲ್ಲೂ ಬದುಕು ಸವೆಸಿದ ಈ ಮಹನೀಯರ ಜೀವನ ನಮ್ಮ ವಿದ್ಯಾರ್ಥಿಗಳಿಗೂ ಸಂಘ ಸಂಸ್ಥೆಗಳನ್ನು ನಡೆಸುವವರಿಗೂ ತಿಳಿದಿರಬೇಕಾದದ್ದು.

ಬಾಲ್ಯ ಮತ್ತು ಶಿಕ್ಷಣ

ಅಖ್ತರ್ ಹಮೀದ್ ಖಾನರು 1914ರ ಜುಲೈ 15ರಂದು ಆಗ್ರಾದಲ್ಲಿ ಜನಿಸಿದರು. ತಂದೆ ಅಮೀರ್ ಅಹ್ಮದ್ ಖಾನ್ ಪೊಲೀಸ್ ಇನ್‌ಸ್ಪೆಕ್ಟರ್ ಆಗಿದ್ದರು. ತಾಯಿ ಮಹಮೂದಾ ಬೇಗಂ. ಮೀರತ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, 1934ರಲ್ಲಿ ಆಗ್ರಾ ವಿಶ್ವವಿದ್ಯಾಲಯದಿಂದ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಪದವಿ ಪಡೆದರು. ಕೆಲಕಾಲ ಅಧ್ಯಾಪಕರಾಗಿದ್ದು, 1936ರಲ್ಲಿ ಐ.ಸಿ.ಎಸ್. ಸೇರಿದರು. ಆ ಕಾಲದಲ್ಲಿ ಭಾರತೀಯನೊಬ್ಬ ಏರಬಹುದಾಗಿದ್ದ ಅತ್ಯುನ್ನತ ಮೆಟ್ಟಿಲು ಅದು. ತರಬೇತಿಗಾಗಿ ಕೇಂಬ್ರಿಜ್‌ನ ಮ್ಯಾಗ್ಡಲಿನ್ ಕಾಲೇಜಿಗೆ ಹೋದರು. ಉರ್ದು, ಪಾರ್ಸಿ, ಅರಬಿ, ಹಿಂದಿ, ಬಂಗಾಳಿ, ಇಂಗ್ಲಿಷ್ ಭಾಷೆಗಳನ್ನು ಬಲ್ಲ ವಿದ್ವಾಂಸರಾಗಿದ್ದರು. ಉರ್ದುವಿನಲ್ಲಿ ಕವಿತೆಗಳನ್ನೂ ಬರೆದರು. ಖಾಕ್ಸಾರ್ ಚಳವಳಿಯ ನಾಯಕ ಅಲ್ಲಾಮಾ ಮಶ್ರಿಖಿಯವರ ಮಗಳು ಹಮೀದಾ ಬೇಗಂ ಅವರನ್ನು ವಿವಾಹವಾದರು.

ಹುದ್ದೆಗೆ ವಿದಾಯ

ಅಧಿಕಾರಿಯಾಗಿ ಅವರು ಕೆಲಸ ಮಾಡಿದ್ದು ಬಂಗಾಳದಲ್ಲಿ. 1943ರ ಬಂಗಾಳದ ಬರಗಾಲ ಅವರ ಬದುಕನ್ನೇ ತಿರುಗಿಸಿತು. ಲಕ್ಷಾಂತರ ಜನರು ಅನ್ನವಿಲ್ಲದೆ ಸತ್ತರು. ಬ್ರಿಟಿಷ್ ಸರಕಾರ ಆ ಸಂಕಟವನ್ನು ನಿಭಾಯಿಸಿದ ರೀತಿಯನ್ನು ಒಳಗಿನಿಂದಲೇ ಕಂಡ ಖಾನರಿಗೆ ಆ ಕುರ್ಚಿಯಲ್ಲಿ ಕೂರಲು ಮನಸ್ಸಾಗಲಿಲ್ಲ. ಬರಗಾಲದ ನಂತರ ಐ.ಸಿ.ಎಸ್. ಹುದ್ದೆಗೆ ರಾಜೀನಾಮೆ ಕೊಟ್ಟು ಹೊರಬಂದರು.

ಬಡವರ ಬದುಕನ್ನು ಪುಸ್ತಕದಿಂದ ತಿಳಿಯಲಾಗದು ಎಂದು ಅವರಿಗೆ ಅನ್ನಿಸಿತ್ತು. ಆದ್ದರಿಂದ ಅಲಿಘರ್ ಸಮೀಪದ ಹಳ್ಳಿಯೊಂದರಲ್ಲಿ ಸುಮಾರು ಎರಡು ವರ್ಷ ಕೂಲಿಯವರಾಗಿ, ಬೀಗ ತಯಾರಿಸುವ ಕೆಲಸಗಾರರಾಗಿ ದುಡಿದರು. ನಿನ್ನೆಯವರೆಗೆ ಜನರಿಂದ ಸಲಾಂ ಪಡೆಯುತ್ತಿದ್ದ ಅಧಿಕಾರಿ ಈಗ ದಿನಗೂಲಿಯ ಲೆಕ್ಕದಲ್ಲಿ ಬದುಕಿದರು. ನಂತರ 1947ರಿಂದ ದೆಹಲಿಯ ಜಾಮಿಯಾ ಮಿಲ್ಲಿಯಾದಲ್ಲಿ ಮೂರು ವರ್ಷ ಪಾಠ ಹೇಳಿದರು. 1950ರಲ್ಲಿ ಪಾಕಿಸ್ತಾನಕ್ಕೆ ಹೋಗಿ, ಆಗ ಪೂರ್ವ ಪಾಕಿಸ್ತಾನವೆನಿಸಿಕೊಂಡಿದ್ದ ಇಂದಿನ ಬಾಂಗ್ಲಾದೇಶದ ಕೊಮಿಲ್ಲಾ ನಗರದಲ್ಲಿ ವಿಕ್ಟೋರಿಯಾ ಕಾಲೇಜಿನ ಪ್ರಾಂಶುಪಾಲರಾದರು.

ಈ ಮಧ್ಯೆ ಗ್ರಾಮಾಭಿವೃದ್ಧಿಗಾಗಿ ಸರಕಾರ ನಡೆಸುತ್ತಿದ್ದ ವಿಲೇಜ್ ಏಡ್ ಕಾರ್ಯಕ್ರಮದ ನಿರ್ದೇಶಕರಾಗಿಯೂ ಸ್ವಲ್ಪ ಕಾಲ ಕೆಲಸ ಮಾಡಿದರು. ಒಬ್ಬ ಗ್ರಾಮಸೇವಕ ಕೃಷಿ, ಆರೋಗ್ಯ, ಶಿಕ್ಷಣ ಎಲ್ಲವನ್ನೂ ಹೆಗಲ ಮೇಲೆ ಹೊತ್ತು ಹಳ್ಳಿಗೆ ಹೋಗಬೇಕೆಂಬುದು ಅದರ ಕ್ರಮ. ಇಲಾಖೆಗಳು ಒಂದೊಂದು ದಿಕ್ಕಿಗೆ ಎಳೆಯುತ್ತಿದ್ದವು. ಹಳ್ಳಿಯವರ ಕೈಯಲ್ಲಿ ತಮ್ಮದೇ ಆದ ಸಂಘಟನೆ ಇರಲಿಲ್ಲ. ಎಲ್ಲ ಕೆಲಸಗಳನ್ನೂ ಒಂದೇ ಮೂಟೆಯಲ್ಲಿ ಕಟ್ಟಿದ ಮಾತ್ರಕ್ಕೆ ಅವು ಒಂದಕ್ಕೊಂದು ಬೆಸೆದುಕೊಳ್ಳುವುದಿಲ್ಲ ಎಂಬುದನ್ನು ಖಾನರು ಅಲ್ಲಿ ಕಲಿತರು.

ಕೊಮಿಲ್ಲಾ ಪ್ರಯೋಗ

1959ರಲ್ಲಿ ಕೊಮಿಲ್ಲಾದಲ್ಲಿ ಗ್ರಾಮಾಭಿವೃದ್ಧಿ ಅಕಾಡೆಮಿ ಸ್ಥಾಪನೆಯಾಯಿತು. ಖಾನರು ಅದರ ನಿರ್ದೇಶಕರಾದರು. ಸರಕಾರಿ ಅಧಿಕಾರಿಗಳಿಗೆ ತರಬೇತಿ ಕೊಡುವುದು ಅಕಾಡೆಮಿಯ ಕೆಲಸ. ಆದರೆ ಸ್ವತಃ ಮಾಡಿ ನೋಡದ ಅಧ್ಯಾಪಕರು ಇತರರಿಗೆ ಏನು ಕಲಿಸಿಯಾರು? ಹೀಗಾಗಿ ಪಕ್ಕದ ಕೊತ್ವಾಲಿ ಠಾಣೆಯನ್ನೇ ತಮ್ಮ ಪ್ರಯೋಗಶಾಲೆಯಾಗಿ ಪಡೆದರು. ಠಾಣೆ ಎಂದರೆ ಅಲ್ಲಿ ನಮ್ಮ ತಾಲೂಕಿನಂತೆ ಒಂದು ಆಡಳಿತ ಘಟಕ. ಸುಮಾರು ನೂರು ಚದರ ಮೈಲಿಯ ಪ್ರದೇಶ, ಎರಡು ಲಕ್ಷಕ್ಕೂ ಮೀರಿದ ಜನಸಂಖ್ಯೆ. ರೈತನೊಬ್ಬನ ಹಿಡುವಳಿ ಸರಾಸರಿ ಎರಡು ಎಕರೆಗೂ ಕಡಿಮೆ. ಮಳೆಗಾಲದಲ್ಲಿ ನೆರೆ, ಬೇಸಿಗೆಯಲ್ಲಿ ನೀರಿಲ್ಲದೆ ಬರಿದಾದ ಗದ್ದೆ. ವರ್ಷವಿಡೀ ಲೇವಾದೇವಿಗಾರರ ಸಾಲ.

ಖಾನರೂ ಅವರ ಸಂಗಡಿಗರೂ ಮೊದಲು ಹಳ್ಳಿಗಳಿಗೆ ಹೋಗಿ ರೈತರ ಮಾತು ಕೇಳಿದರು. ನಂತರ ಒಂದರ ಹಿಂದೆ ಒಂದರಂತೆ ನಾಲ್ಕು ಯೋಜನೆಗಳು ರೂಪುಗೊಂಡವು. ಮೊದಲನೆಯದು ಠಾಣಾ ತರಬೇತಿ ಮತ್ತು ಅಭಿವೃದ್ಧಿ ಕೇಂದ್ರ. ಕೃಷಿ, ಪಶುವೈದ್ಯ, ಮೀನುಗಾರಿಕೆ, ಆರೋಗ್ಯ ಮೊದಲಾದ ಇಲಾಖೆಗಳ ಅಧಿಕಾರಿಗಳೆಲ್ಲ ಒಂದೇ ಆವರಣದಲ್ಲಿ ಸಿಗುವಂತಾಯಿತು. ಎರಡನೆಯದು ಗ್ರಾಮೀಣ ಕಾಮಗಾರಿ. ಬೇಸಿಗೆಯಲ್ಲಿ ಕೆಲಸವಿಲ್ಲದ ಕೂಲಿಕಾರರಿಂದ ಕಾಲುವೆ, ಒಡ್ಡು, ರಸ್ತೆಗಳನ್ನು ಮಾಡಿಸುವುದು. ಮೂರನೆಯದು ನೀರಾವರಿ. ಪಂಪು ಮತ್ತು ಕೊಳವೆಬಾವಿಗಳ ನೀರಿನಿಂದ ಬೇಸಿಗೆಯಲ್ಲೂ ಭತ್ತ ಬೆಳೆಯುವುದು. ನಾಲ್ಕನೆಯದು ಎರಡು ಹಂತದ ಸಹಕಾರ. ಹಳ್ಳಿಯಲ್ಲಿ ರೈತರ ಪ್ರಾಥಮಿಕ ಸಂಘ, ಅವುಗಳ ಮೇಲೆ ಠಾಣಾ ಮಟ್ಟದ ಕೇಂದ್ರ ಸಂಘ. ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ರೈಫೈಸನ್ ಬಡ ರೈತರಿಗಾಗಿ ಕಟ್ಟಿದ ಸಹಕಾರ ಸಂಘಗಳ ಅನುಭವವನ್ನು ಖಾನರು ಇಲ್ಲಿ ಬಳಸಿಕೊಂಡರು.

ಈ ನಾಲ್ಕರ ನಡುವಿನ ಸಂಬಂಧವನ್ನು ಗಮನಿಸಬೇಕು. ಮಳೆನೀರು ಹರಿದುಹೋಗಲು ಕಾಲುವೆ ಇಲ್ಲದಿದ್ದರೆ ಬೆಳೆ ಕೊಳೆಯುತ್ತದೆ. ನೀರು ಬಂದರೂ ಬೀಜ, ಗೊಬ್ಬರಕ್ಕೆ ಸಾಲ ಸಿಗದಿದ್ದರೆ ಗದ್ದೆ ಹಾಗೆಯೇ ಉಳಿಯುತ್ತದೆ. ಸಾಲ ಸಿಕ್ಕಿದರೂ ಬೇಸಾಯದ ಹೊಸ ಕ್ರಮ ತಿಳಿಯದಿದ್ದರೆ ಸಾಲ ತೀರುವುದಿಲ್ಲ. ಬೆಳೆ ಬಂದರೂ ರಸ್ತೆಯಿಲ್ಲದಿದ್ದರೆ ಮಾರುಕಟ್ಟೆ ದೂರ. ಎರಡು ಎಕರೆಯ ರೈತ ಒಬ್ಬನೇ ಪಂಪು ಕೊಳ್ಳಲಾರ, ಸಂಘವಾದರೆ ಸಾಧ್ಯ. ಒಂದು ಯೋಜನೆಯ ಫಲ ಇನ್ನೊಂದರ ಬಂಡವಾಳವಾಗುವಂತೆ ಖಾನರು ಇವುಗಳನ್ನು ಜೋಡಿಸಿದರು.

ಸಂಘಕ್ಕೆ ಸೇರುವವರಿಗೆ ಶರತ್ತುಗಳಿದ್ದವು. ವಾರಕ್ಕೊಮ್ಮೆ ಸಭೆ ಸೇರಬೇಕು. ಎಷ್ಟೇ ಚಿಕ್ಕ ಮೊತ್ತವಾದರೂ ಉಳಿತಾಯ ಕಟ್ಟಬೇಕು. ಪ್ರತಿ ಸಂಘವೂ ತನ್ನ ಸದಸ್ಯನೊಬ್ಬನನ್ನು ವಾರಕ್ಕೊಮ್ಮೆ ತರಬೇತಿಗೆ ಕಳಿಸಬೇಕು. ಅಲ್ಲಿ ಕಲಿತದ್ದನ್ನು ಅವನು ಹಳ್ಳಿಗೆ ಮರಳಿ ಹೇಳಬೇಕು. ಹೊರಗಿನಿಂದ ಬರುವ ಗ್ರಾಮಸೇವಕನ ಬದಲು ಊರಿನವನೇ ಊರಿನ ಗುರುವಾದ. ಅವನು ವಾರವಾರ ತರುತ್ತಿದ್ದ ದೂರು, ಅನುಮಾನ, ಸೋಲಿನ ಸುದ್ದಿಗಳೇ ಅಕಾಡೆಮಿಗೆ ಮೌಲ್ಯಮಾಪನದ ಮೊದಲ ಆಧಾರವಾದವು.

ಇಮಾಮರು ಮತ್ತು ಮಹಿಳೆಯರು

ಅಕಾಡೆಮಿಯ ಶಿಕ್ಷಣ ಯೋಜನೆ ನಮ್ಮ ಓದುಗರ ವಿಶೇಷ ಗಮನಕ್ಕೆ ಅರ್ಹವಾದುದು. ಹಳ್ಳಿಗಳಲ್ಲಿ ಶಾಲೆಗಳು ಸಾಲದಾಗಿದ್ದವು, ಆದರೆ ಮಸೀದಿ ಇತ್ತು, ಮಕ್ಕಳಿಗೆ ಕುರ್‌ಆನ್ ಕಲಿಸುವ ಇಮಾಮರಿದ್ದರು. ಅಕಾಡೆಮಿ ಇಮಾಮರಿಗೆ ತರಬೇತಿ ಕೊಟ್ಟು, ಅಕ್ಷರ ಕಲಿಸುವ ಕೆಲಸದಲ್ಲಿ ಅವರನ್ನು ಜೊತೆಗೂಡಿಸಿಕೊಂಡಿತು. ಜನರು ಆಗಲೇ ಗೌರವಿಸುತ್ತಿದ್ದ ವ್ಯಕ್ತಿಯ ಮೂಲಕ ಹೊಸ ವಿದ್ಯೆ ಮನೆಮನೆಗೆ ಮುಟ್ಟಿತು. 1960ರ ದಶಕದ ಆರಂಭದಲ್ಲಿಯೇ ಮಹಿಳೆಯರಿಗಾಗಿ ಪ್ರತ್ಯೇಕ ಕಾರ್ಯಕ್ರಮವೂ ಆರಂಭವಾಯಿತು. ಪರದೆಯ ಸಂಪ್ರದಾಯ ಬಿಗಿಯಾಗಿದ್ದ ಆ ಹಳ್ಳಿಗಳಿಂದ ಹೆಂಗಸರು ಅಕಾಡೆಮಿಗೆ ಬಂದು ಓದು, ಆರೋಗ್ಯ, ಕೈಕಸುಬುಗಳನ್ನು ಕಲಿತು ಹಿಂದಿರುಗುವುದು ಅಂದು ಸಣ್ಣ ಬದಲಾವಣೆಯಲ್ಲ.

1963ರಲ್ಲಿ ಖಾನರಿಗೆ ರಾಮೋನ್ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೊಮಿಲ್ಲಾವನ್ನು ನೋಡಲು ದೇಶವಿದೇಶಗಳಿಂದ ಜನ ಬಂದರು. ಗ್ರಾಮೀಣ ಕಾಮಗಾರಿಯನ್ನು ಮೊದಲು ಈ ಒಂದು ಠಾಣೆಯಲ್ಲಿ ಮಾಡಿ ನೋಡಿ, 1962-63ರಲ್ಲಿ ಇಡೀ ಪ್ರಾಂತ್ಯಕ್ಕೆ ವಿಸ್ತರಿಸಲಾಯಿತು. ಆ ವರ್ಷದ ಕೆಲಸದ ಮೌಲ್ಯಮಾಪನವನ್ನು ಅಕಾಡೆಮಿಯೇ ಮಾಡಿ ವರದಿ ಪ್ರಕಟಿಸಿತು. 1960ರ ದಶಕದ ಕೊನೆಗೆ ಕೊತ್ವಾಲಿ ಠಾಣೆಯಲ್ಲಿ ಸುಮಾರು ಮುನ್ನೂರು ಹಳ್ಳಿ ಸಂಘಗಳು ಇದ್ದವು.

ತಕ್ಕಡಿಯಲ್ಲಿ ಕೊಮಿಲ್ಲಾ

ಇಲ್ಲಿಗೆ ಕತೆ ನಿಲ್ಲಿಸಿದರೆ ಅದು ಬರೀ ಹೊಗಳಿಕೆಯಾದೀತು. 1971ರ ಯುದ್ಧದಲ್ಲಿ ಪೂರ್ವ ಪಾಕಿಸ್ತಾನ ಬಾಂಗ್ಲಾದೇಶವಾಯಿತು. ಖಾನರು ತಾವು ಕಟ್ಟಿದ್ದನ್ನೆಲ್ಲ ಬಿಟ್ಟು ಪಶ್ಚಿಮಕ್ಕೆ ಹೋಗಬೇಕಾಯಿತು. ಕೊಮಿಲ್ಲಾ ಮಾದರಿಯನ್ನು ಹೊಸ ಸರಕಾರ ಸಮಗ್ರ ಗ್ರಾಮೀಣಾಭಿವೃದ್ಧಿ ಕಾರ್ಯಕ್ರಮ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಹರಡತೊಡಗಿತು. ಆದರೆ ಮೂಲ ಸ್ಥಳದಲ್ಲಿಯೇ ಸಹಕಾರಿ ಸಂಘಗಳು ಕುಸಿಯುತ್ತಿದ್ದವು. 1979ರ ಹೊತ್ತಿಗೆ 400 ಸಂಘಗಳಲ್ಲಿ ಕೆಲಸ ಮಾಡುತ್ತಿದ್ದವು ಕೇವಲ 61.

ಎಲ್ಲಿ ತಪ್ಪಿತು? ಅಧ್ಯಯನ ಮಾಡಿದವರು ಹಲವು ಕಾರಣಗಳನ್ನು ಕಂಡರು. ಸಂಘಗಳ ಒಳಗೆ ಲೆಕ್ಕಪತ್ರದ ಶಿಸ್ತು ಸಡಿಲಗೊಂಡಿತ್ತು. ಹೊರಗಿನ ಮೇಲ್ವಿಚಾರಣೆ ಬಲಹೀನವಾಗಿತ್ತು. ಹಣ ಬೇರೆಡೆಗೆ ಹರಿದುಹೋಗಿತ್ತು. ಸ್ವಲ್ಪ ಹೆಚ್ಚು ಭೂಮಿಯಿದ್ದವರು ಸಂಘಗಳ ಆಡಳಿತ ಹಿಡಿದು ಸಾಲದ ದೊಡ್ಡ ಪಾಲನ್ನು ತಾವೇ ಪಡೆದು, ಮರುಪಾವತಿಯಲ್ಲಿ ಹಿಂದೆ ಬಿದ್ದಿದ್ದರು. ಭೂಮಿಯೇ ಇಲ್ಲದ ಕೂಲಿಕಾರನಿಗೆ ರೈತರ ಸಂಘದಲ್ಲಿ ಜಾಗವಿರಲಿಲ್ಲ. ಕಾಮಗಾರಿ ಇದ್ದಷ್ಟು ದಿನ ಅವನಿಗೆ ಕೂಲಿ ಸಿಕ್ಕಿತು, ಅಷ್ಟೆ.

ಒಂದೊಂದು ಯೋಜನೆಯನ್ನು ಬಿಡಿಯಾಗಿ ಎಣಿಸಿದವರಿಗೆ ಕೊಮಿಲ್ಲಾದಲ್ಲಿ ಎಲ್ಲವೂ ಸಾಧನೆಯಾಗಿಯೇ ಕಂಡಿತ್ತು. ಇಷ್ಟು ಮೈಲಿ ಕಾಲುವೆ, ಇಷ್ಟು ಪಂಪು, ಇಷ್ಟು ಸಂಘ, ಇಷ್ಟು ತರಬೇತಿ. ನಾಲ್ಕೂ ಸೇರಿ ಯಾರ ಕೈ ಬಲವಾಯಿತು, ಕೊಡುವ ಕೈ ಹಿಂದೆ ಸರಿದ ಮೇಲೆ ಏನು ಉಳಿಯಿತು ಎಂಬ ಪ್ರಶ್ನೆ ಕೇಳಿದಾಗ ಮಾತ್ರ ಬಿರುಕು ಕಂಡಿತು. ಆದರೂ ಎಲ್ಲವೂ ಅಳಿಸಿಹೋಗಲಿಲ್ಲ. ನೀರಾವರಿ, ಹೊಸ ಭತ್ತದ ತಳಿಗಳು ಮತ್ತು ಠಾಣಾ ಕೇಂದ್ರದ ಪರಿಕಲ್ಪನೆ ಬಾಂಗ್ಲಾದೇಶದಲ್ಲಿ ಬೇರೂರಿದವು. ಸಹಕಾರಿ ಸಂಘಗಳ ಸೋಲೂ ವ್ಯರ್ಥವಾಗಲಿಲ್ಲ. 1976ರಲ್ಲಿ ಪ್ರೊ. ಮುಹಮ್ಮದ್ ಯೂನುಸ್ ಆರಂಭಿಸಿ ಮುಂದೆ ಗ್ರಾಮೀಣ ಬ್ಯಾಂಕ್ ಆಗಿ ಬೆಳೆದ ಸಾಲ ಯೋಜನೆ, ಭೂಮಿಯಿಲ್ಲದ ಬಡವರಿಗಾಗಿಯೇ ಚಿಕ್ಕ ಗುಂಪುಗಳನ್ನು ಕಟ್ಟಿತು.

ಖಾನರ ದೊಡ್ಡ ಗುಣ ಕಾಣುವುದು ಇಲ್ಲಿ. ತಮ್ಮ ಹೆಸರನ್ನು ಜಗತ್ತಿಗೆ ಪರಿಚಯಿಸಿದ ಪ್ರಯೋಗದ ದೌರ್ಬಲ್ಯಗಳನ್ನು ಅವರು ಮುಚ್ಚಿಡಲಿಲ್ಲ. ಅದರಿಂದ ಕಲಿತದ್ದನ್ನು ಮುಂದಿನ ಕೆಲಸಕ್ಕೆ ತಂದರು.

ಒರಂಗಿಯ ಗಲ್ಲಿಗಳು

1980ರಲ್ಲಿ, ವಿಶ್ರಾಂತಿ ಪಡೆಯಬಹುದಾಗಿದ್ದ ಅರವತ್ತಾರನೇ ವಯಸ್ಸಿನಲ್ಲಿ, ಬ್ಯಾಂಕರ್ ಆಗಾ ಹಸನ್ ಆಬಿದಿ ಅವರ ಪ್ರತಿಷ್ಠಾನದ ನೆರವಿನಿಂದ ಖಾನರು ಕರಾಚಿಯ ಒರಂಗಿಯಲ್ಲಿ ಹೊಸ ಕೆಲಸ ಆರಂಭಿಸಿದರು. ಒರಂಗಿ ಸರಕಾರದ ನಕ್ಷೆಯಲ್ಲಿಲ್ಲದೆ ಬೆಳೆದ ಬೃಹತ್ ಕೊಳೆಗೇರಿ. ಬಾಂಗ್ಲಾದೇಶ ಹುಟ್ಟಿದ ಮೇಲೆ ಅಲ್ಲಿಂದ ಬಂದ ನಿರಾಶ್ರಿತರೂ, ಪಠಾಣರೂ, ಪಂಜಾಬಿಗಳೂ ಅಲ್ಲಿ ನೆಲೆಸಿದ್ದರು. ಒಳಚರಂಡಿ ಇರಲಿಲ್ಲ. ಮಲಮೂತ್ರವೂ ಬಚ್ಚಲು ನೀರೂ ಗಲ್ಲಿಯಲ್ಲೇ ಹರಿಯುತ್ತಿದ್ದವು. ಮಕ್ಕಳು ಕಾಯಿಲೆ ಬಿದ್ದು ಸಾಯುತ್ತಿದ್ದರು.

ಕೆಲಸಕ್ಕೆ ಗಡುವು ಹಾಕಬಾರದು, ಮೊದಲೇ ಗುರಿಯ ಸಂಖ್ಯೆ ಕೇಳಬಾರದು ಎಂಬುದು ಖಾನರ ನಿಲುವಾಗಿತ್ತು. ತಿಂಗಳುಗಟ್ಟಲೆ ಅವರು ಗಲ್ಲಿ ಸುತ್ತಿ ಜನರೊಂದಿಗೆ ಮಾತಾಡಿದರು. ಜನರ ಅಡ್ಡಿಗಳು ನಾಲ್ಕು ಎಂದು ಕಂಡುಕೊಂಡರು. ಚರಂಡಿ ಕಟ್ಟುವುದು ಸರಕಾರದ ಕೆಲಸ, ಅದು ಪುಕ್ಕಟೆಯಾಗಿ ಬರಬೇಕೆಂಬ ನಂಬಿಕೆ ಒಂದು. ಬಡವನ ಕೈಗೆಟುಕದ ವೆಚ್ಚ ಎರಡನೆಯದು. ಕಟ್ಟುವ ಕೌಶಲ ಇಲ್ಲದಿರುವುದು ಮೂರನೆಯದು. ನೆರೆಹೊರೆಯವರು ಒಟ್ಟಾಗಿ ಕೆಲಸ ಮಾಡುವ ಸಂಘಟನೆ ಇಲ್ಲದಿರುವುದು ನಾಲ್ಕನೆಯದು. ಯೋಜನೆಯ ಒಂದೊಂದು ಭಾಗವೂ ಇವುಗಳಲ್ಲಿ ಒಂದೊಂದು ಅಡ್ಡಿಯನ್ನು ತೆಗೆಯುವಂತೆ ರೂಪುಗೊಂಡಿತು.

ಇಪ್ಪತ್ತರಿಂದ ನಲವತ್ತು ಮನೆಗಳ ಒಂದು ಗಲ್ಲಿಯೇ ಘಟಕವಾಯಿತು. ಅಷ್ಟು ಮನೆಯವರು ಪರಸ್ಪರ ಬಲ್ಲರು, ನಂಬುವರು. ಅವರು ತಮ್ಮಲ್ಲೇ ಒಬ್ಬ ಮುಖಂಡನನ್ನು ಆರಿಸಿ, ಹಣ ಕೂಡಿಸಿ, ಕೆಲಸ ಮಾಡಿಸುತ್ತಿದ್ದರು. ಸಂಸ್ಥೆ ಅಳತೆ ಮಾಡಿ ನಕ್ಷೆ ಕೊಡುತ್ತಿತ್ತು, ವೆಚ್ಚದ ಅಂದಾಜು ಹಾಕುತ್ತಿತ್ತು, ಉಪಕರಣಗಳನ್ನು ಎರವಲು ಕೊಡುತ್ತಿತ್ತು, ಕೆಲಸ ತೋರಿಸಿಕೊಡುತ್ತಿತ್ತು. ಜನರ ಹಣವನ್ನು ಮಾತ್ರ ಮುಟ್ಟುತ್ತಿರಲಿಲ್ಲ. ವಿನ್ಯಾಸವನ್ನು ಸರಳಗೊಳಿಸಿ, ಗುತ್ತಿಗೆದಾರನ ಲಾಭವನ್ನು ತೆಗೆದುಹಾಕಿದ್ದರಿಂದ ಶೌಚಾಲಯ ಮತ್ತು ಗಲ್ಲಿಯ ಚರಂಡಿ ಸೇರಿ ಒಂದು ಮನೆಗೆ ಸುಮಾರು ಒಂದು ಸಾವಿರ ರೂಪಾಯಿಯಲ್ಲಿ ಕೆಲಸ ಮುಗಿಯಿತು. ಸರಕಾರಿ ದರಕ್ಕಿಂತ ಇದು ಹಲವು ಪಟ್ಟು ಕಡಿಮೆ.

ಆರಂಭದಲ್ಲಿ ಕೆಲವು ಗಲ್ಲಿಗಳಲ್ಲಿ ಕಾಂಕ್ರೀಟ್ ಕಳಪೆಯಾಯಿತು. ಪರಿಶೀಲಿಸಿದಾಗ ಮಿಶ್ರಣದಲ್ಲೂ ನೀರುಣಿಸುವುದರಲ್ಲೂ ತಪ್ಪಾಗಿರುವುದು ತಿಳಿಯಿತು. ವಾಸ್ತುಶಿಲ್ಪಿ ಆರಿಫ್ ಹಸನ್ ಮೊದಲಾದ ತಜ್ಞರ ನೆರವಿನಿಂದ ವಿನ್ಯಾಸ ತಿದ್ದಿ, ಮೇಸ್ತ್ರಿಗಳಿಗೂ ನಿವಾಸಿಗಳಿಗೂ ತರಬೇತಿ ಕೊಡಲಾಯಿತು. ಇನ್ನೊಂದು ಮಿತಿಯೂ ಇತ್ತು. ಗಲ್ಲಿಯ ಚರಂಡಿಗಳು ಹತ್ತಿರದ ನಾಲೆಗಳಿಗೆ ಹೋಗಿ ಸೇರುತ್ತಿದ್ದವು. ಮುಖ್ಯ ಕೊಳವೆ ಹಾಕುವುದೂ ಕೊಳಚೆ ನೀರನ್ನು ಶುದ್ಧೀಕರಿಸುವುದೂ ಬಡವರ ಶಕ್ತಿಗೆ ಮೀರಿದ್ದು, ಅದು ಸರಕಾರದ ಹೊಣೆ ಎಂದು ಖಾನರು ಗೆರೆ ಎಳೆದರು. ಒಳಗಿನದನ್ನು ಜನರು, ಹೊರಗಿನದನ್ನು ಸರಕಾರ ಮಾಡಬೇಕೆಂಬ ಈ ಹಂಚಿಕೆ ಮುಂದೆ ಬೇರೆ ನಗರಗಳಿಗೂ ಮಾದರಿಯಾಯಿತು.

ಚರಂಡಿಯ ಹಿಂದೆ ಉಳಿದ ಯೋಜನೆಗಳು ಬಂದವು. ಮಹಿಳೆಯರಿಗೆ ಆರೋಗ್ಯ ಶಿಕ್ಷಣ, ಹೊಲಿಗೆ ಕೆಲಸದ ಕೇಂದ್ರಗಳು, ಅಗ್ಗದ ಮನೆಗಾಗಿ ಸಿಮೆಂಟ್ ಇಟ್ಟಿಗೆ ಅಂಗಳಗಳ ಸುಧಾರಣೆ, 1987ರಲ್ಲಿ ಚಿಕ್ಕ ಉದ್ಯಮಗಳಿಗೆ ಸಾಲ, ಬಡಾವಣೆಯ ಜನರೇ ನಡೆಸುತ್ತಿದ್ದ ಖಾಸಗಿ ಶಾಲೆಗಳಿಗೆ ನೆರವು. ಗಲ್ಲಿಯಲ್ಲಿ ಬೆಳೆದ ಪರಿಚಯ, ನಂಬಿಕೆಗಳೇ ಇವಕ್ಕೆ ಅಡಿಪಾಯ. ಸಾಲ ಯೋಜನೆಯ ಹಣ ಇಟ್ಟಿಗೆ ಅಂಗಳಕ್ಕೂ ಶಾಲೆಗೂ ಹೋಯಿತು. ಕೊಮಿಲ್ಲಾದಂತೆ ಇಲ್ಲಿಯೂ ಯೋಜನೆಗಳು ಒಂದಕ್ಕೊಂದು ಆಸರೆಯಾದವು. ಆದರೆ ಒಂದು ವ್ಯತ್ಯಾಸವಿತ್ತು. 1988ರಲ್ಲಿ ಸಂಸ್ಥೆಯನ್ನು ವಿಭಜಿಸಿ, ಸಂಶೋಧನೆ ಮತ್ತು ತರಬೇತಿ, ಸಾಲ, ಆರೋಗ್ಯ ಇವುಗಳಿಗೆ ಪ್ರತ್ಯೇಕ ಸಂಸ್ಥೆಗಳನ್ನು ಮಾಡಲಾಯಿತು. ಪ್ರತಿಯೊಂದಕ್ಕೂ ತನ್ನದೇ ಆಡಳಿತ, ತನ್ನದೇ ಲೆಕ್ಕ. ಒಂದು ಎಡವಿದರೆ ಉಳಿದವು ಬೀಳಬಾರದು, ಒಂದರ ನಷ್ಟ ಇನ್ನೊಂದರ ಲೆಕ್ಕದಲ್ಲಿ ಅಡಗಬಾರದು.

ಮೂರು ತಿಂಗಳಿಗೊಮ್ಮೆ ಪ್ರಗತಿ ವರದಿ ಹೊರಬರುತ್ತಿತ್ತು. ಸಂಸ್ಥೆ ಸಂಶೋಧನೆ ಮತ್ತು ಮಾರ್ಗದರ್ಶನಕ್ಕೆ ಮಾಡಿದ ವೆಚ್ಚ ಎಷ್ಟು, ಜನರು ಸ್ವಂತ ಜೇಬಿನಿಂದ ಹೂಡಿದ್ದು ಎಷ್ಟು ಎಂಬ ಎರಡು ಲೆಕ್ಕಗಳನ್ನೂ ಯಾರು ಬೇಕಾದರೂ ನೋಡಬಹುದಿತ್ತು. ಜನರ ಹೂಡಿಕೆ ಸಂಸ್ಥೆಯ ವೆಚ್ಚದ ಹಲವು ಪಟ್ಟಾಗಿತ್ತು. ಕಾರ್ಯಕ್ರಮ ಯಾರದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಅಳತೆ ಬೇರೆ ಬೇಕಿಲ್ಲ.

ಕೊನೆಯ ದಿನಗಳು

ಖಾನರು ಕೊನೆಯವರೆಗೂ ಸರಳವಾಗಿ ಬದುಕಿದರು. ತಮ್ಮ ಒರಂಗಿ ಅನುಭವಗಳನ್ನು 1996ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅಮೆರಿಕದಲ್ಲಿದ್ದ ಕುಟುಂಬದವರನ್ನು ಕಾಣಲು ಹೋಗಿದ್ದಾಗ 1999ರ ಅಕ್ಟೋಬರ್ 9ರಂದು ಇಂಡಿಯಾನಾಪೊಲಿಸ್‌ನಲ್ಲಿ ನಿಧನರಾದರು. ಪಾರ್ಥಿವ ಶರೀರವನ್ನು ಕರಾಚಿಗೆ ತಂದು ಒರಂಗಿಯ ಸಂಸ್ಥೆಯ ಆವರಣದಲ್ಲಿಯೇ ದಫನ ಮಾಡಲಾಯಿತು. ಅವರ ನಂತರವೂ ಕೆಲಸ ನಿಲ್ಲಲಿಲ್ಲ. ಒರಂಗಿಯ ಬಹುಪಾಲು ಗಲ್ಲಿಗಳಲ್ಲಿ ಜನರೇ ಚರಂಡಿ ಕಟ್ಟಿಕೊಂಡರು. 1983ರಲ್ಲಿ ಯುವ ವಾಸ್ತುಶಿಲ್ಪಿಯಾಗಿ ಸೇರಿದ್ದ ಪರ್ವೀನ್ ರಹಮಾನ್ ಈ ಕೆಲಸವನ್ನು ಮುಂದುವರಿಸಿದರು. 2013ರಲ್ಲಿ ದುಷ್ಕರ್ಮಿಗಳು ಅವರನ್ನು ಗುಂಡಿಕ್ಕಿ ಕೊಂದರು.

ನಮಗೆ ದೊರೆಯುವ ಪಾಠ

ನಮ್ಮಂಥ ಶೈಕ್ಷಣಿಕ ಸಂಘಗಳೂ ಒಂದೇ ವರ್ಷದಲ್ಲಿ ಹಲವು ಯೋಜನೆಗಳನ್ನು ಹಮ್ಮಿಕೊಳ್ಳುತ್ತವೆ. ವಿದ್ಯಾರ್ಥಿವೇತನ, ಹಾಸ್ಟೆಲ್, ಪರೀಕ್ಷಾ ತರಬೇತಿ, ಪ್ರತಿಭಾ ಪುರಸ್ಕಾರ, ಗ್ರಂಥಾಲಯ. ವಾರ್ಷಿಕ ವರದಿಯಲ್ಲಿ ಇವುಗಳ ಸಂಖ್ಯೆ ಚೆನ್ನಾಗಿಯೇ ಕಾಣುತ್ತದೆ. ಖಾನರ ಬದುಕು ಅದರಾಚೆಗೆ ಕೆಲವು ಪ್ರಶ್ನೆಗಳನ್ನು ಕೇಳಲು ಹೇಳುತ್ತದೆ. ವೇತನ ಪಡೆದ ಹುಡುಗಿ ಓದು ಪೂರ್ತಿ ಮುಗಿಸಿದಳೇ? ಹಾಸ್ಟೆಲ್‌ನಲ್ಲಿದ್ದ ಹುಡುಗನಿಗೆ ತರಬೇತಿ ತರಗತಿ ದೊರೆಯಿತೇ, ಅಥವಾ ಎರಡೂ ಬೇರೆ ಬೇರೆ ಮಕ್ಕಳಿಗೆ ಹೋದವೇ? ನೆರವು ಅರ್ಜಿ ಬರೆಯಲು ಬಲ್ಲವರಿಗೇ ಸಿಕ್ಕಿತೇ, ಅರ್ಜಿ ಬರೆಯಲೂ ಬಾರದ ಮನೆಯ ಮಗುವಿಗೂ ತಲುಪಿತೇ? ಇಂದಿನ ಪದಾಧಿಕಾರಿಗಳು ಬದಲಾದ ಮೇಲೂ ಈ ಕೆಲಸ ನಡೆಯುತ್ತದೆಯೇ? ಕೊಮಿಲ್ಲಾದಲ್ಲಿ ಇಂಥ ಪ್ರಶ್ನೆಗಳಿಗೆ ಉತ್ತರ ತಡವಾಗಿ ಸಿಕ್ಕಿತು. ಒರಂಗಿಯಲ್ಲಿ ಕೆಲಸದ ಜೊತೆಯಲ್ಲೇ ಉತ್ತರ ಹುಡುಕಲಾಯಿತು.

ವಿದ್ಯಾರ್ಥಿಗಳು ಗಮನಿಸಬೇಕಾದ ಮಾತೊಂದಿದೆ. ಐ.ಸಿ.ಎಸ್. ಪಾಸು ಮಾಡಿದ ವಿದ್ಯಾವಂತರೊಬ್ಬರು ಬೀಗದ ಕೆಲಸವನ್ನೂ ಚರಂಡಿಯ ಅಳತೆಯನ್ನೂ ತಮ್ಮ ಘನತೆಗೆ ಕುಂದೆಂದು ಭಾವಿಸಲಿಲ್ಲ. ಕಲಿತ ವಿದ್ಯೆ ಬಡವನ ಮನೆಯ ಬಾಗಿಲಿನವರೆಗೆ ಹೋಗಬೇಕು, ಹೋದದ್ದು ನಿಜವೇ ಎಂದು ಲೆಕ್ಕ ಇಟ್ಟು ನೋಡಬೇಕು ಎಂಬುದನ್ನು ಅವರು ಬದುಕಿ ತೋರಿಸಿದರು. ಅಲ್ಲಾಹನು ಅವರ ಸೇವೆಯನ್ನು ಸ್ವೀಕರಿಸಲಿ, ಅಂಥ ಶ್ರಮವನ್ನೂ ಪ್ರಾಮಾಣಿಕತೆಯನ್ನೂ ನಮಗೆ ಕರುಣಿಸಲಿ. ಆಮೀನ್.